ಸಿಪಾಯಿಯ ಅಂಗಿ, ನಾಗರಿಕನ ಮೈ

ಸೈನ್ಯ ಬಿಟ್ಟ ಬಟ್ಟೆ ನಾಗರಿಕರ ಮೈಮೇಲೆ ಬರುವ ರೂಢಿ ಸಮವಸ್ತ್ರದಷ್ಟೇ ಹಳೆಯದು. ಯುದ್ಧ ಮುಗಿದಾಗ ಉಗ್ರಾಣಗಳಲ್ಲಿ ಉಳಿದ ಕೋಟು, ಕಂಬಳಿ, ಬೂಟುಗಳು ಹರಾಜಿಗೆ ಬರುತ್ತವೆ. ಊರಿಗೆ ಮರಳಿದ ಸಿಪಾಯಿಯ ಅಂಗಿ ಅವನ ತಮ್ಮನಿಗೋ ಮಗನಿಗೋ ಹೋಗುತ್ತದೆ. ಗಟ್ಟಿ ಬಟ್ಟೆ ಅಗ್ಗಕ್ಕೆ ಸಿಕ್ಕಿತೆಂದು ಕೂಲಿಯವರೂ ರೈತರೂ ಅದನ್ನು ಕೊಳ್ಳುತ್ತಾರೆ. ಹೀಗೆ ತೊಡುವಾಗ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬ ನಡವಳಿಕೆ ಸುಮಾರು ಮೂರು ಶತಮಾನಗಳಲ್ಲಿ ರೂಪುಗೊಂಡಿತು. ಬಟ್ಟೆ ಯಾರ ಕೈಗೆ ಬೇಕಾದರೂ ಹೋಗಬಹುದು. ಪದವಿ ಹೇಳುವ ಪಟ್ಟಿ, ರೆಜಿಮೆಂಟಿನ ಬಿಲ್ಲೆ, ಶೌರ್ಯದ ಪದಕ ಮಾತ್ರ ಗಳಿಸಿದವರಲ್ಲೇ ಉಳಿಯಬೇಕು ಎಂಬುದು ಅದರ ತಿರುಳು. ಬ್ರಿಟನ್ನಿನಲ್ಲೂ ಅದರ ಆಳ್ವಿಕೆಯಲ್ಲಿದ್ದ ಭಾರತದಲ್ಲೂ ಕಾನೂನು, ಬಡತನ, ಯುದ್ಧದ ಸಾವುನೋವು ಮೂರೂ ಸೇರಿ ಈ ಗೆರೆಯನ್ನು ಎಳೆದವು. ಕಳೆದ ಹತ್ತು ವರ್ಷಗಳಲ್ಲಿ ಭಾರತದಲ್ಲಿ ಆ ಗೆರೆ ಜಾಗ ಬದಲಿಸಿದೆ.

ಇಂಗ್ಲೆಂಡಿನಲ್ಲಿ 1645ರಲ್ಲಿ ಕಟ್ಟಿದ ಹೊಸ ಮಾದರಿಯ ಸೈನ್ಯ ಕೆಂಪು ಕೋಟು ತೊಟ್ಟ ಮೇಲೆ ಒಂದೇ ಬಣ್ಣದ ಉಡುಪು ಅಲ್ಲಿ ರೂಢಿಯಾಯಿತು. ಮುಂದಿನ ನೂರಾರು ವರ್ಷ ಸಿಪಾಯಿಯ ಬಟ್ಟೆಯ ಖರ್ಚನ್ನು ಅವನ ಸಂಬಳದಲ್ಲೇ ಮುರಿದುಕೊಳ್ಳಲಾಗುತ್ತಿತ್ತು. ಆದರೂ ಅದು ಅವನ ಸ್ವಂತದ್ದಾಗಿರಲಿಲ್ಲ. ಹಣವಿಲ್ಲದ ಸಿಪಾಯಿ ಕೋಟನ್ನೋ ಬೂಟನ್ನೋ ಹೆಂಡದಂಗಡಿಯಲ್ಲಿ ಒತ್ತೆಯಿಡುವುದು, ಓಡಿಹೋದವನು ಸಮವಸ್ತ್ರ ಮಾರಿ ಬೇರೆ ಬಟ್ಟೆ ಕೊಳ್ಳುವುದು ಮಾಮೂಲಾಗಿತ್ತು. ಇದನ್ನು ತಡೆಯಲು 18ನೇ ಶತಮಾನದ ಮ್ಯುಟಿನಿ ಕಾಯ್ದೆಗಳು ಸಿಪಾಯಿಯಿಂದ ಬಟ್ಟೆ ಕೊಂಡವನಿಗೆ 5 ಪೌಂಡ್ ದಂಡ ಹಾಕಿದವು. ಸೈನ್ಯದ ಬಟ್ಟೆಯ ಬಗೆಗಿನ ಮೊದಲ ನಿಯಮಕ್ಕೆ ಗೌರವ, ಮರ್ಯಾದೆಗಳ ಸಂಬಂಧವೇ ಇರಲಿಲ್ಲ. ಅದು ಸರ್ಕಾರಿ ಮಾಲಿನ ಕಳವನ್ನು ತಡೆಯುವ ನಿಯಮವಾಗಿತ್ತು.

ಗೌರವದ ಪ್ರಶ್ನೆ ಕಾನೂನಿಗೆ ಬಂದದ್ದು 19ನೇ ಶತಮಾನದಲ್ಲಿ. ಈ ವಿಷಯದಲ್ಲಿ ಭಾರತದ ಕಾನೂನು ಬ್ರಿಟನ್ನಿನದಕ್ಕಿಂತ ಹಳೆಯದು. 1860ರ ಭಾರತೀಯ ದಂಡ ಸಂಹಿತೆಯ 140ನೇ ಕಲಮು, ಸೈನಿಕನಲ್ಲದವನು ತಾನು ಸೈನಿಕನೆಂದು ಜನ ನಂಬಲಿ ಎಂಬ ಉದ್ದೇಶದಿಂದ ಸೈನಿಕನ ಉಡುಪನ್ನು ತೊಟ್ಟರೆ ಅಥವಾ ಅಂಥ ಗುರುತನ್ನು ಹೊತ್ತರೆ 3 ತಿಂಗಳ ಸೆರೆ, 500 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಿತು. ನಾವಿಕ ಮತ್ತು ವಾಯುಸೈನಿಕರ ಹೆಸರು ಆಮೇಲೆ ಸೇರಿತು. ಬ್ರಿಟನ್ನಿನ ಸಮವಸ್ತ್ರ ಕಾಯ್ದೆ ಬಂದದ್ದು 1894ರಲ್ಲಿ. ಅದು ಉದ್ದೇಶವನ್ನು ಕೇಳಲಿಲ್ಲ. ಅನುಮತಿಯಿಲ್ಲದೆ ಸಮವಸ್ತ್ರವನ್ನಾಗಲಿ, ಸಮವಸ್ತ್ರದಂತೆ ಕಾಣುವ ಅಥವಾ ರೆಜಿಮೆಂಟಿನ ಗುರುತುಳ್ಳ ಬಟ್ಟೆಯನ್ನಾಗಲಿ ತೊಡುವುದೇ ಅಪರಾಧ; ಅದನ್ನು ಅವಹೇಳನವಾಗುವಂತೆ ತೊಡುವುದು ಇನ್ನೂ ದೊಡ್ಡ ಅಪರಾಧ. ಹಾಗೆ ತೊಡಿಸಿ ಕೆಲಸಕ್ಕೆ ಇಟ್ಟುಕೊಂಡ ಯಜಮಾನನಿಗೂ ಶಿಕ್ಷೆಯಿತ್ತು. ನಾಟಕ, ಸರ್ಕಸ್‌ಗಳಿಗೆ ವಿನಾಯಿತಿ ಸಿಕ್ಕಿತು. ಮೋಸ ಮಾಡುವ ಮನಸ್ಸಿತ್ತೇ ಎಂದು ಭಾರತದ ಕಾನೂನು ನೋಡಿದರೆ, ಬಟ್ಟೆಯ ಮಾನ ಹೋಯಿತೇ ಎಂದು ಬ್ರಿಟನ್ನಿನ ಕಾನೂನು ನೋಡಿತು. ಎರಡು ದೇಶಗಳ ನಡವಳಿಕೆ ಮುಂದೆ ಬೇರೆ ಬೇರೆ ದಾರಿ ಹಿಡಿಯಲು ಈ ವ್ಯತ್ಯಾಸ ಒಂದು ಮುಖ್ಯ ಕಾರಣ.

ಬಟ್ಟೆ ಮತ್ತು ಬಿಲ್ಲೆ ಎರಡೂ ಬೇರೆಯೆಂದು ಜನರಿಗೆ ಕಾಣುವಂತೆ ಮಾಡಿದ್ದು ಖಾಕಿ. 1840ರ ದಶಕದ ಕೊನೆಯಲ್ಲಿ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡೆನ್ ಕಟ್ಟಿದ ಗೈಡ್ಸ್ ಪಡೆ ಮಣ್ಣಿನ ಬಣ್ಣದ ಬಟ್ಟೆ ತೊಟ್ಟಿತು. 1857ರಲ್ಲಿ ಹಲವು ರೆಜಿಮೆಂಟುಗಳು ತಮ್ಮ ಬಿಳಿ ಬಟ್ಟೆಗೆ ಚಹಾ, ಕೆಸರು, ಸಿಕ್ಕಿದ್ದನ್ನೆಲ್ಲ ಬಳಸಿ ಅದೇ ಬಣ್ಣ ತರಲು ನೋಡಿದವು. ಒಗೆದರೆ ಹೋಗುವ, ಒಬ್ಬೊಬ್ಬರದು ಒಂದೊಂದು ಛಾಯೆಯಾಗುವ ಬಣ್ಣ ಅದು. ಮಂಗಳೂರಿನ ಬಾಸೆಲ್ ಮಿಶನ್ನಿನ ನೇಯ್ಗೆ ಕಾರ್ಖಾನೆಗೆ ಈ ಚರಿತ್ರೆಯಲ್ಲಿ ಹೆಸರಿರುವುದು ಇದೇ ಕಾರಣಕ್ಕೆ. 1850ರ ದಶಕದ ಆರಂಭದಲ್ಲಿ ಅಲ್ಲಿ ಕೆಲಸಕ್ಕೆ ಬಂದ ಜಾನ್ ಹಾಲರ್ ಬಲ್ಮಠದಲ್ಲಿ ಖಾಕಿ ಬಣ್ಣ ತಯಾರಿಸಿದರೆಂದು ಕರಾವಳಿಯ ಚರಿತ್ರೆಕಾರರು ಹೇಳುತ್ತಾರೆ. ಮೊದಲು ಖಾಕಿ ತೊಟ್ಟ ಪಡೆ ಪೇಶಾವರದ್ದೇ ಆದ್ದರಿಂದ, ಮಂಗಳೂರಿಗೆ ಸಲ್ಲಬೇಕಾದ ಶ್ರೇಯಸ್ಸು ಒಂದೇ ತೆರನ ಖಾಕಿ ಬಟ್ಟೆಯನ್ನು ಮಗ್ಗದಿಂದ ಥಾನುಗಟ್ಟಲೆ ತೆಗೆದದ್ದಕ್ಕೆ. ಸಾಗರದಾಚೆ ದುಡಿಯುವ ಎಲ್ಲ ಬ್ರಿಟಿಷ್ ಪಡೆಗಳಿಗೂ 1897ರಲ್ಲಿ ಖಾಕಿ ಬಂತು, 1902ರಲ್ಲಿ ಸ್ವದೇಶದ ಪಡೆಗಳಿಗೂ ಬಂತು.

ಕೆಂಪು ಕೋಟಿನ ಗುಂಡಿ ಕಿತ್ತರೂ ಅದು ಸಿಪಾಯಿಯ ಕೋಟೇ. ಖಾಕಿ ಹಾಗಲ್ಲ. ಭುಜದ ಪಟ್ಟಿ, ಹಿತ್ತಾಳೆ ಬಿಲ್ಲೆ ತೆಗೆದರೆ ಉಳಿಯುವುದು ಕೊಳೆ ಕಾಣದ, ಬೇಗ ಹರಿಯದ ಒಂದು ಬಟ್ಟೆ ಅಷ್ಟೆ. ಆದ್ದರಿಂದಲೇ ಪೊಲೀಸರು, ಅಂಚೆಯವರು, ಬಸ್ ಚಾಲಕರು, ಶಾಲೆಯ ಹುಡುಗರು ಒಬ್ಬರ ಹಿಂದೆ ಒಬ್ಬರಂತೆ ಅದನ್ನು ತೊಟ್ಟರು. ಕರ್ನಾಟಕದ ಆಟೋ ಚಾಲಕನ ಖಾಕಿ ಅಂಗಿಯನ್ನು ನೋಡಿ ಯಾರಿಗೂ ಸೈನ್ಯ ನೆನಪಾಗುವುದಿಲ್ಲ. ಒಂದು ಸೈನ್ಯದ ಬಣ್ಣ ಇಷ್ಟು ಸಂಪೂರ್ಣವಾಗಿ ದುಡಿಯುವವರ ಬಣ್ಣವಾದ ಇನ್ನೊಂದು ಉದಾಹರಣೆ ಜಗತ್ತಿನಲ್ಲಿ ಸಿಗುವುದು ಕಷ್ಟ.

ಬಿಲ್ಲೆಯ ಬೆಲೆ ಜನರಿಗೆ ತಿಳಿದದ್ದು ಮೊದಲ ಮಹಾಯುದ್ಧದಲ್ಲಿ. 1914ರಲ್ಲಿ ಬ್ರಿಟನ್ನಿನ ಬೀದಿಗಳಲ್ಲಿ ಸಮವಸ್ತ್ರವಿಲ್ಲದ ಯುವಕರಿಗೆ ಹೆಂಗಸರು ಬಿಳಿ ಗರಿ ಕೊಟ್ಟು ಹೇಡಿಗಳೆಂದು ಹೀಯಾಳಿಸುವ ಚಳವಳಿ ಹುಟ್ಟಿತು. ಗಾಯಗೊಂಡು ಸೈನ್ಯದಿಂದ ಬಿಡುಗಡೆಯಾಗಿ, ಸಾಮಾನ್ಯ ಕೋಟು ತೊಟ್ಟು ಓಡಾಡುತ್ತಿದ್ದವರೂ ಈ ಅವಮಾನಕ್ಕೆ ಸಿಕ್ಕಿದರು. ಮದ್ದುಗುಂಡಿನ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಯುದ್ಧ ಸೇವೆಯ ಬಿಲ್ಲೆ ಕೊಡಲಾಯಿತು. ಗಾಯಗೊಂಡು ಬಂದವರಿಗಾಗಿ 1916ರ ಸೆಪ್ಟೆಂಬರ್‌ನಲ್ಲಿ ಬೆಳ್ಳಿಯ ಯುದ್ಧ ಬಿಲ್ಲೆ ಬಂತು. ಪ್ರತಿ ಬಿಲ್ಲೆಯ ಹಿಂದೆ ಒಂದು ಸಂಖ್ಯೆ ಇತ್ತು. ಅದನ್ನು ನಾಗರಿಕ ಉಡುಪಿನ ಮೇಲೆ, ಎದೆಯ ಬಲಭಾಗದಲ್ಲಿ ಧರಿಸಬೇಕು; ಸಮವಸ್ತ್ರದ ಮೇಲೆ ಧರಿಸುವಂತಿರಲಿಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಇಂಥ ಬಿಲ್ಲೆಗಳನ್ನು ಹಂಚಲಾಯಿತು. ಸೈನ್ಯದ ಗುರುತೊಂದನ್ನು ನಾಗರಿಕನಿಗೆಂದೇ ರೂಪಿಸಿ, ಎಲ್ಲಿ ತೊಡಬೇಕು, ಎಲ್ಲಿ ತೊಡಬಾರದು ಎಂದು ಸರ್ಕಾರವೇ ಹೇಳಿದ ಪ್ರಸಂಗ ಇದು. ಕೈಯೋ ಕಾಲೋ ಕಳೆದುಕೊಂಡು ಬಂದವನು ಬೀದಿಯಲ್ಲಿ ತನ್ನ ಧೈರ್ಯಕ್ಕೆ ಸಾಕ್ಷಿ ತೋರಿಸಬೇಕಾಗಿ ಬಂದದ್ದು ಆ ಕಾಲದ ಕ್ರೌರ್ಯವನ್ನೂ ಹೇಳುತ್ತದೆ.

ಯುದ್ಧ ಮುಗಿದ ಮೇಲೆ ಬಟ್ಟೆಯದೂ ಲೆಕ್ಕವಾಯಿತು. ಬಿಡುಗಡೆಯಾದ ಸಿಪಾಯಿ 28 ದಿನಗಳ ರಜೆಯಲ್ಲಿ ಸಮವಸ್ತ್ರ ತೊಡಬಹುದಿತ್ತು. ಆಮೇಲೆ ತೊಟ್ಟರೆ ತಪ್ಪು. ಅವನ ದಪ್ಪ ಉಣ್ಣೆಯ ಕೋಟನ್ನು ಮಾತ್ರ ರೈಲು ನಿಲ್ದಾಣದಲ್ಲಿ ಹಿಂದಿರುಗಿಸಿದರೆ ಒಂದು ಪೌಂಡ್ ಕೊಡುತ್ತಿದ್ದರು, ಬೇಡವಾದರೆ ಅವನೇ ಇಟ್ಟುಕೊಳ್ಳಬಹುದಿತ್ತು. ಅಧಿಕಾರಿಗಳ ಕಥೆ ಬೇರೆ. ಅವರು ಬರ್ಬೆರಿ, ಅಕ್ವಾಸ್ಕ್ಯೂಟಮ್‌ನಂಥ ಅಂಗಡಿಗಳಲ್ಲಿ ತಮ್ಮ ದುಡ್ಡಿನಿಂದಲೇ ಟ್ರೆಂಚ್ ಕೋಟು ಹೊಲಿಸಿಕೊಂಡವರು. ಅದು ಅವರ ಸ್ವಂತ ಆಸ್ತಿ. ಅದರ ಭುಜಪಟ್ಟಿ, ಸೊಂಟಪಟ್ಟಿಯ ಲೋಹದ ಬಳೆ ಎಲ್ಲವೂ ಯುದ್ಧಭೂಮಿಯ ಬಳಕೆಯಿಂದ ಬಂದವು. ಮುಂದೆ ಆ ಕೋಟು ಗುಮಾಸ್ತರಿಗೂ ಪತ್ರಕರ್ತರಿಗೂ ಸಿನಿಮಾ ನಟರಿಗೂ ಹೋಯಿತು. ಭುಜಪಟ್ಟಿ ಉಳಿಯಿತು, ಅದರ ಮೇಲಿನ ನಕ್ಷತ್ರ ಉಳಿಯಲಿಲ್ಲ. ಯಾರೂ ಆಕ್ಷೇಪಿಸಲೂ ಇಲ್ಲ.

ಪದಕಗಳ ವಿಷಯದಲ್ಲಿ ಸಮಾಜ ಹೆಚ್ಚು ಸೂಕ್ಷ್ಮವಾಗಿತ್ತು. ಪದಕವನ್ನು ಗಳಿಸಿದವನು ಎಡ ಎದೆಯ ಮೇಲೆ ಧರಿಸುತ್ತಾನೆ. ಸತ್ತವರ ಪದಕಗಳನ್ನು ತಾಯಿ, ಹೆಂಡತಿ, ಮಕ್ಕಳು ಸ್ಮರಣೆಯ ದಿನ ಬಲ ಎದೆಯ ಮೇಲೆ ಧರಿಸುವ ಸಂಪ್ರದಾಯ ಮೊದಲ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಬೆಳೆಯಿತು. ಆಸ್ಟ್ರೇಲಿಯದಲ್ಲಿ ಏಪ್ರಿಲ್ 25ರ ಆನ್ಜಾಕ್ ದಿನದಂದು ಮೊಮ್ಮಕ್ಕಳು, ಮರಿಮಕ್ಕಳು ಇಂದಿಗೂ ಹಾಗೆಯೇ ಧರಿಸಿ ಮೆರವಣಿಗೆಯಲ್ಲಿ ನಡೆಯುತ್ತಾರೆ. ಪದಕ ನನ್ನದಲ್ಲ, ನನ್ನ ಮನೆಯವರದು ಎಂದು ಬಾಯಿಬಿಡದೆ ಹೇಳುವ ಈ ಏರ್ಪಾಡು ಇಡೀ ನಡವಳಿಕೆಯಲ್ಲಿ ಅತ್ಯಂತ ಘನವಾದದ್ದು. ಇದಕ್ಕೆ ಕಾಯ್ದೆಯ ಒತ್ತಾಯವಿಲ್ಲ. ದುಃಖಕ್ಕೂ ಹೆಮ್ಮೆಗೂ ಜಾಗ ಕೊಟ್ಟು, ಸುಳ್ಳಿಗೆ ಮಾತ್ರ ಜಾಗ ಕೊಡದೆ ಜನರೇ ಕಂಡುಕೊಂಡ ದಾರಿ ಇದು.

ರೆಜಿಮೆಂಟಿನ ಬಣ್ಣದ ಪಟ್ಟೆಗಳುಳ್ಳ ಟೈ ಕೂಡ ಇದೇ ಸಾಲಿಗೆ ಸೇರುತ್ತದೆ. ತಾನು ಸೇವೆ ಮಾಡದ ರೆಜಿಮೆಂಟಿನ ಟೈ ಕಟ್ಟುವುದು ಬ್ರಿಟನ್ನಿನಲ್ಲಿ ಅಪರಾಧವಲ್ಲ, ಆದರೆ ಅಸಭ್ಯತೆ. ನ್ಯೂಯಾರ್ಕಿನ ಬ್ರೂಕ್ಸ್ ಬ್ರದರ್ಸ್ 20ನೇ ಶತಮಾನದ ಆರಂಭದಲ್ಲಿ ಅಂಥ ಟೈಗಳನ್ನು ಅಮೆರಿಕದಲ್ಲಿ ಮಾರುವಾಗ ಪಟ್ಟೆಗಳ ಓರೆಯನ್ನು ತಿರುಗಿಸಿತು. ಬ್ರಿಟಿಷ್ ಟೈಯಲ್ಲಿ ತೊಟ್ಟವನ ಎಡಭುಜದಿಂದ ಕೆಳಗಿಳಿಯುವ ಪಟ್ಟೆ ಅಮೆರಿಕದ ಟೈಯಲ್ಲಿ ಬಲಭುಜದಿಂದ ಇಳಿಯಿತು. ವ್ಯಾಪಾರಿಯೊಬ್ಬ ಪರದೇಶದ ಸೈನಿಕರ ಗುರುತನ್ನು ಗೌರವಿಸಿಯೂ ಮಾಲು ಮಾರಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ.

ಸೈನ್ಯದ ಹಳೆ ಮಾಲನ್ನೇ ಒಂದು ದೊಡ್ಡ ವ್ಯಾಪಾರವಾಗಿ ಬೆಳೆಸಿದವರು ಅಮೆರಿಕದವರು. ಅಂತರ್ಯುದ್ಧ ಮುಗಿದ 1865ರ ಸುಮಾರಿಗೆ ಬ್ರೂಕ್ಲಿನ್ನಿನ ಫ್ರಾನ್ಸಿಸ್ ಬ್ಯಾನರ್ಮನ್ ಹರಾಜಿನಲ್ಲಿ ಬಂದೂಕು, ಜೀನು, ಸಮವಸ್ತ್ರಗಳನ್ನು ಕೊಳ್ಳತೊಡಗಿದ. 1898ರ ಸ್ಪೇನ್ ಯುದ್ಧದ ನಂತರ ಕೊಂಡ ಮದ್ದುಗುಂಡಿನ ರಾಶಿಯನ್ನು ಊರೊಳಗೆ ಇಡಲಾಗದೆ ಅವನ ಸಂಸ್ಥೆ ಹಡ್ಸನ್ ನದಿಯಲ್ಲಿ ಒಂದು ದ್ವೀಪವನ್ನೇ ಕೊಂಡು ಅಲ್ಲಿ ಕೋಟೆಯಂಥ ಉಗ್ರಾಣ ಕಟ್ಟಿತು. ಎರಡನೇ ಮಹಾಯುದ್ಧದ ಮಾಲು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅದರ ವಿಲೇವಾರಿಗೆಂದೇ ಅಮೆರಿಕ 1944ರಲ್ಲಿ ಕಾಯ್ದೆ ಮಾಡಿತು. ಸರ್ಕಾರದ ನೆರವಿನಿಂದ ಕಾಲೇಜು ಸೇರಿದ ಮಾಜಿ ಸೈನಿಕರು ಖಾಕಿ ಪ್ಯಾಂಟನ್ನು ತರಗತಿಗೂ ತೊಟ್ಟು ಬಂದರು. ಬ್ರಿಟನ್ನಿನಲ್ಲಿ ನೌಕಾಪಡೆಯ ಡಫಲ್ ಕೋಟು ಅಂಗಡಿಗೆ ಬಂದು, 1950ರ ದಶಕದ ಕೊನೆಯಲ್ಲಿ ಅಣ್ವಸ್ತ್ರ ವಿರೋಧಿ ಮೆರವಣಿಗೆಗಳಲ್ಲಿ ನಡೆದವರ ಬೆಚ್ಚನೆಯ ಉಡುಪಾಯಿತು.

ಸೋತ ಜರ್ಮನಿಯಲ್ಲಿ ಈ ನಡವಳಿಕೆ ಆಜ್ಞೆಯ ರೂಪ ತಾಳಿತು. 1945ರಲ್ಲಿ ಮಿತ್ರರಾಷ್ಟ್ರಗಳು ಸಮವಸ್ತ್ರವನ್ನು ಅದರ ಮೂಲ ಬಣ್ಣದಲ್ಲಿ ತೊಡುವುದನ್ನೂ ಪದಕ, ಪದವಿಯ ಗುರುತುಗಳನ್ನೂ ನಿಷೇಧಿಸಿದವು. ಬೇರೆ ಬಟ್ಟೆಯೇ ಇಲ್ಲದ ಲಕ್ಷಾಂತರ ಜನ ಬಿಲ್ಲೆ ಬಿಚ್ಚಿ, ಬಣ್ಣ ಅದ್ದಿ ಅದೇ ಕೋಟುಗಳನ್ನು ತೊಟ್ಟರು. ಆ ಯುದ್ಧದಲ್ಲಿ ಗಳಿಸಿದ ಪದಕಗಳನ್ನು ಸ್ವಸ್ತಿಕವಿಲ್ಲದ ರೂಪದಲ್ಲಿ ಧರಿಸಲು ಪಶ್ಚಿಮ ಜರ್ಮನಿ 1957ರಲ್ಲಿ ಅವಕಾಶ ಕೊಟ್ಟಿತು.

1960ರ ದಶಕದ ಯುವಕರು ಈ ಗೆರೆಯನ್ನು ಬೇಕೆಂದೇ ದಾಟಿದರು. ಲಂಡನ್ನಿನ ಪೋರ್ಟೊಬೆಲ್ಲೊ ರಸ್ತೆಯಲ್ಲಿ ‘ಐ ವಾಸ್ ಲಾರ್ಡ್ ಕಿಚನರ್ಸ್ ವ್ಯಾಲೆಟ್’ ಎಂಬ ಅಂಗಡಿ ಹಳೆಯ ಕೆಂಪು ಕೋಟು, ಕಸೂತಿಯ ಜಾಕೆಟ್ಟುಗಳನ್ನು ಮಾರಿತು. ಅಮೆರಿಕದ ಭೂಸೇನೆಯ 101ನೇ ಏರ್‌ಬೋರ್ನ್ ಡಿವಿಷನ್ನಿನಲ್ಲಿ ಸಿಪಾಯಿಯಾಗಿದ್ದ ಜಿಮಿ ಹೆಂಡ್ರಿಕ್ಸ್ ಲಂಡನ್ನಿನಲ್ಲಿ ತೊಟ್ಟದ್ದು ಬ್ರಿಟಿಷ್ ಕುದುರೆ ಸವಾರನ ಜಾಕೆಟ್ಟು. ಅದಕ್ಕೂ ಮೊದಲೇ, 1965ರಲ್ಲಿ, ಬೀಟಲ್ಸ್ ಗಾಯಕರಿಗೆ ಎಂಬಿಇ ಪದಕ ಕೊಟ್ಟಾಗ ಕೆಲವು ಮಾಜಿ ಸೈನಿಕರು ತಮ್ಮ ಪದಕಗಳನ್ನೇ ಹಿಂದಿರುಗಿಸಿದ್ದರು. ನೂರು ವರ್ಷ ಹಳೆಯ ಕೋಟನ್ನು ಜನ ಬೇಗ ಸಹಿಸಿಕೊಂಡರು. ಅದನ್ನು ತೊಟ್ಟು ಹೋರಾಡಿದವರು ಯಾರೂ ಬದುಕಿರಲಿಲ್ಲ. ಇನ್ನೂ ನಡೆಯುತ್ತಿದ್ದ ವಿಯೆಟ್ನಾಂ ಯುದ್ಧದ ಬಟ್ಟೆಯ ವಿಷಯದಲ್ಲಿ ಹಾಗಾಗಲಿಲ್ಲ.

ಆ ಹಸಿರು ಅಂಗಿ, ಜಾಕೆಟ್ಟುಗಳನ್ನು ಯುದ್ಧದಿಂದ ಮರಳಿದವರೂ ತೊಟ್ಟರು, ಯುದ್ಧ ಬೇಡವೆಂದವರೂ ತೊಟ್ಟರು. 1971ರ ಏಪ್ರಿಲ್‌ನಲ್ಲಿ ನೂರಾರು ಮಾಜಿ ಸೈನಿಕರು ವಾಷಿಂಗ್ಟನ್ನಿನ ಸಂಸತ್ ಭವನದ ಮುಂದೆ ತಮ್ಮ ಪದಕಗಳನ್ನು ಎಸೆದರು. ಗಳಿಸಿದವರಿಗಷ್ಟೇ ಇರುವ ಹಕ್ಕನ್ನು ಅವರು ಎಸೆಯಲು ಬಳಸಿದರು. ಅದಕ್ಕೆ ತೂಕ ಬಂದದ್ದೂ ಪದಕಗಳು ಅವರವೇ ಆಗಿದ್ದರಿಂದ. 1972ರಲ್ಲಿ ಜಾನ್ ಲೆನನ್ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಹಾಡಿದಾಗ ತೊಟ್ಟಿದ್ದ ಅಂಗಿಯ ಮೇಲೆ ಬೇರೊಬ್ಬ ಸೈನಿಕನ ಹೆಸರಿನ ಪಟ್ಟಿಯೂ ತೋಳಿನ ಪಟ್ಟೆಗಳೂ ಹಾಗೇ ಇದ್ದವು. ಸೈನ್ಯದ ಹಳೆ ಬಟ್ಟೆ ತೊಡುವವರು ಮೊದಲು ಬಿಚ್ಚಬೇಕಾದದ್ದು ಹೆಸರಿನ ಪಟ್ಟಿಯನ್ನು. ಆ ಹೆಸರಿನವನು ಸತ್ತಿದ್ದಾನೋ ಬದುಕಿದ್ದಾನೋ ತೊಟ್ಟವನಿಗೆ ಗೊತ್ತಿರುವುದಿಲ್ಲ. ಲೆನನ್‌ನ ಉದ್ದೇಶ ಶಾಂತಿಯ ಪರವಾಗಿದ್ದರೂ ಆ ಒಂದು ಪಟ್ಟಿಯ ಮಟ್ಟಿಗೆ ಆಕ್ಷೇಪ ನಿಲ್ಲುತ್ತದೆ.

ಅಮೆರಿಕದ ನ್ಯಾಯಾಲಯಗಳು ಈ ಪ್ರಶ್ನೆಯನ್ನು ಎರಡು ಸಲ ಗಂಭೀರವಾಗಿ ನೋಡಿದವು. 1967ರಲ್ಲಿ ಹ್ಯೂಸ್ಟನ್ನಿನ ಸೈನ್ಯ ಭರ್ತಿ ಕೇಂದ್ರದ ಮುಂದೆ ಸಮವಸ್ತ್ರ ತೊಟ್ಟು ಯುದ್ಧವಿರೋಧಿ ಬೀದಿನಾಟಕ ಆಡಿದ ಡೇನಿಯಲ್ ಶಾಕ್ಟ್‌ಗೆ ಶಿಕ್ಷೆಯಾಯಿತು. ಸೈನ್ಯಕ್ಕೆ ಕೆಟ್ಟ ಹೆಸರು ತರದ ನಾಟಕಕ್ಕಷ್ಟೇ ಕಾನೂನಿನಲ್ಲಿ ವಿನಾಯಿತಿ ಇತ್ತು. ಹೊಗಳುವ ನಟನಿಗೆ ಒಂದು ನ್ಯಾಯ, ಟೀಕಿಸುವ ನಟನಿಗೆ ಇನ್ನೊಂದು ನ್ಯಾಯ ಇರಲಾಗದೆಂದು ಸುಪ್ರೀಂ ಕೋರ್ಟು 1970ರಲ್ಲಿ ಆ ಷರತ್ತನ್ನು ತೆಗೆದುಹಾಕಿತು. ಗಳಿಸದ ಪದಕವನ್ನು ಗಳಿಸಿದ್ದೇನೆಂದು ಹೇಳುವುದನ್ನೇ ಅಪರಾಧ ಮಾಡಿದ್ದ 2005ರ ಕಾಯ್ದೆ 2012ರಲ್ಲಿ ಬಿತ್ತು. ಮರುವರ್ಷ ಬಂದ ಹೊಸ ಕಾಯ್ದೆ ಹಣವನ್ನೋ ಬೇರೆ ಲಾಭವನ್ನೋ ಪಡೆಯಲು ಹೇಳಿದ ಸುಳ್ಳನ್ನು ಮಾತ್ರ ಶಿಕ್ಷಿಸುತ್ತದೆ. ಉದ್ದೇಶವನ್ನು ಕೇಳುವ ಈ ರೀತಿ ಭಾರತದ 1860ರ ಕಲಮಿಗೆ ಹತ್ತಿರವಾದದ್ದು.

ಭಾರತದಲ್ಲಿ ನಾಗರಿಕರ ಸೈನಿಕ ಉಡುಪಿಗೆ ರಾಜಕೀಯದ ಅರ್ಥವೂ ಇತ್ತು. 1923ರಲ್ಲಿ ಹುಬ್ಬಳ್ಳಿಯ ನಾ. ಸು. ಹರ್ಡೀಕರರು ಕಟ್ಟಿದ ಹಿಂದುಸ್ತಾನಿ ಸೇವಾ ದಳ ಕವಾಯತು, ಶಿಸ್ತು, ಸಮವಸ್ತ್ರಗಳನ್ನು ಸ್ವಾತಂತ್ರ್ಯ ಚಳವಳಿಗೆ ತಂದಿತು. 1928ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ಸುಭಾಷ್‌ಚಂದ್ರ ಬೋಸರು ಸ್ವಯಂಸೇವಕರ ದಂಡನಾಯಕನಾಗಿ (ಜಿಓಸಿ) ಪೂರ್ಣ ಸೇನಾಧಿಕಾರಿಯ ಉಡುಪಿನಲ್ಲಿ ಕಾಣಿಸಿಕೊಂಡರು. ಗಾಂಧೀಜಿಗೆ ಅದು ಹಿಡಿಸಲಿಲ್ಲ. ಖಾಕಿ ತೊಟ್ಟ ರಾಷ್ಟ್ರೀಯ ಸ್ವಯಂಸೇವಕ ಸಂಘ, ಖಾಕಿಯ ಜೊತೆ ಸನಿಕೆ ಹೊತ್ತ ಖಾಕ್ಸಾರರು ಎಲ್ಲರೂ ಆ ದಶಕಗಳವರು. 1940ರ ಆಗಸ್ಟ್‌ನಲ್ಲಿ ಬ್ರಿಟಿಷ್ ಸರ್ಕಾರ ಖಾಸಗಿ ಸಂಘಟನೆಗಳ ಕವಾಯತನ್ನೂ ಸೈನ್ಯದಂಥ ಸಮವಸ್ತ್ರವನ್ನೂ ನಿಷೇಧಿಸಿತು. ಐದು ವರ್ಷದ ನಂತರ ಕೆಂಪುಕೋಟೆಯ ವಿಚಾರಣೆಯಲ್ಲಿ ಆಜಾದ್ ಹಿಂದ್ ಫೌಜಿನ ಶಾ ನವಾಜ್ ಖಾನ್, ಸಹಗಲ್, ಧಿಲ್ಲೋನ್ ಮೂವರೂ ಪದವಿಯ ಬಿಲ್ಲೆಗಳಿಲ್ಲದ ಸಮವಸ್ತ್ರ ತೊಟ್ಟು ನಿಂತರು. ಅವರ ಪದವಿ ಯಾವ ಸೈನ್ಯದ್ದು ಎಂಬುದೇ ಆ ಮೊಕದ್ದಮೆಯ ವಿವಾದವಾಗಿದ್ದುದರಿಂದ ಬರಿದಾದ ಆ ಭುಜಗಳ ಚಿತ್ರ ದೇಶವನ್ನು ಕಲಕಿತು.

ಸ್ವಾತಂತ್ರ್ಯದ ನಂತರ ಹಳ್ಳಿಗಳಲ್ಲಿ ಈ ಬಟ್ಟೆಯ ಬದುಕು ಸರಳವಾಗಿತ್ತು. ಕೊಡಗಿನ ಚಳಿಮಳೆಯಲ್ಲಿ, ಬೆಳಗಾವಿ ಸೀಮೆಯ ಹೊಲಗಳಲ್ಲಿ ಮಿಲಿಟರಿ ಕೋಟು, ಮಿಲಿಟರಿ ಕಂಬಳಿ ಮನೆಮಂದಿಯೆಲ್ಲ ಬಳಸುವ ವಸ್ತುಗಳು. ನಿವೃತ್ತ ಸುಬೇದಾರನ ಪದಕಗಳು ಮಾತ್ರ ಪೆಟ್ಟಿಗೆಯಲ್ಲಿದ್ದು, ಆಗಸ್ಟ್ 15ಕ್ಕೋ ಜನವರಿ 26ಕ್ಕೋ ಶಾಲೆಯ ಮೈದಾನದಲ್ಲಿ ಅವನ ಎಡ ಎದೆಯ ಮೇಲೆ ಬರುತ್ತಿದ್ದವು. ಬಟ್ಟೆಗೂ ಬಿಲ್ಲೆಗೂ ಇರುವ ಅಂತರವನ್ನು ಈ ಮನೆಗಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕಾವಲುಗಾರರನ್ನು ಒದಗಿಸುವ ಖಾಸಗಿ ಸಂಸ್ಥೆಗಳು ಹೆಚ್ಚಿದ ಮೇಲೆ 2005ರ ಕಾಯ್ದೆಯೊಂದು ಸೈನ್ಯ ಅಥವಾ ಪೊಲೀಸರ ಸಮವಸ್ತ್ರವನ್ನು ಹೋಲುವ ಉಡುಪು ತೊಟ್ಟ ಕಾವಲುಗಾರನಿಗೂ ಅವನ ಸಂಸ್ಥೆಯ ಮಾಲೀಕನಿಗೂ ಒಂದು ವರ್ಷದವರೆಗೆ ಸೆರೆ ಅಥವಾ 5,000 ರೂಪಾಯಿ ದಂಡ ಅಥವಾ ಎರಡನ್ನೂ ಇಟ್ಟಿತು.

2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಗೆ ನುಗ್ಗಿದ ಭಯೋತ್ಪಾದಕರು ಸೈನ್ಯದ ಉಡುಪಿನಲ್ಲಿದ್ದರು. ಅದಾದ ಕೂಡಲೇ ಸೇನೆ ನಾಗರಿಕರಿಗೆ ಯುದ್ಧದ ಚಿತ್ತಾರದ (ಕ್ಯಾಮೊಫ್ಲಾಜ್) ಬಟ್ಟೆ ತೊಡಬೇಡಿರೆಂದೂ ಅಂಗಡಿಗಳಿಗೆ ಅದನ್ನು ಮಾರಬೇಡಿರೆಂದೂ ಕೇಳಿಕೊಂಡಿತು. ಗೆರೆ ಜಾಗ ಬದಲಿಸಿದ್ದು ಇಲ್ಲಿ. ಬಿಲ್ಲೆಯಿಲ್ಲದ ಬಟ್ಟೆ ನಿರಪಾಯ ಎಂಬ ಹಳೆಯ ತಿಳಿವಳಿಕೆ, ದೂರದಿಂದ ಕಾಣುವ ಚಿತ್ತಾರವೇ ಕಾವಲಿನವನನ್ನು ಮೋಸಗೊಳಿಸಬಲ್ಲದು ಎಂದಾದಾಗ ಉಳಿಯಲಿಲ್ಲ. 2022ರ ಜನವರಿ 15ರ ಸೇನಾ ದಿನದಂದು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯ ನೆರವಿನಿಂದ ರೂಪಿಸಿದ ಹೊಸ ಚಿತ್ತಾರದ ಉಡುಪು ಬಂತು. ಅದೇ ವರ್ಷ ಅದರ ವಿನ್ಯಾಸವನ್ನು ಸೇನೆಯ ಹೆಸರಿನಲ್ಲಿ ನೋಂದಾಯಿಸಲಾಯಿತು.

ಬಿಲ್ಲೆಯ ಪ್ರಶ್ನೆ ಕ್ರಿಕೆಟ್ ಮೈದಾನಕ್ಕೂ ಬಂತು. 2011ರಿಂದ ಟೆರಿಟೋರಿಯಲ್ ಆರ್ಮಿಯ ಗೌರವ ಲೆಫ್ಟಿನೆಂಟ್ ಕರ್ನಲ್ ಆಗಿರುವ ಮಹೇಂದ್ರಸಿಂಗ್ ಧೋನಿ 2019ರ ವಿಶ್ವಕಪ್‌ನಲ್ಲಿ ಪ್ಯಾರಾ ವಿಶೇಷ ಪಡೆಯ ಬಲಿದಾನ ಲಾಂಛನವನ್ನು ಹೋಲುವ ಗುರುತಿನ ಕೈಗವಸು ತೊಟ್ಟರು. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ಅದನ್ನು ತೆಗೆಯುವಂತೆ ಹೇಳಿತು. ಮಂಡಳಿ ನೋಡಿದ್ದು ಆಟದ ಸಲಕರಣೆಯ ನಿಯಮವನ್ನು ಮಾತ್ರ. ಆ ಲಾಂಛನವನ್ನು ಯಾರು, ಯಾವ ಉಡುಪಿನ ಮೇಲೆ ಧರಿಸಬೇಕು ಎಂಬುದು ಸೈನ್ಯದೊಳಗಿನ ಬೇರೆಯೇ ಪ್ರಶ್ನೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮು 1860ರ ಕಲಮನ್ನು ಹೆಚ್ಚು ಬದಲಿಲ್ಲದೆ ಉಳಿಸಿಕೊಂಡಿದೆ. ದಂಡ 2,000 ರೂಪಾಯಿಗೆ ಏರಿದೆ. ಮೋಸದ ಉದ್ದೇಶವಿಲ್ಲದೆ ಚಿತ್ತಾರದ ಪ್ಯಾಂಟು ತೊಟ್ಟ ರೈತನನ್ನಾಗಲಿ ಕಾಲೇಜು ಹುಡುಗನನ್ನಾಗಲಿ ಈ ಕಲಮು ಮುಟ್ಟುವುದಿಲ್ಲ. ಹೊಸ ಚಿತ್ತಾರವನ್ನು ಅನುಮತಿಯಿಲ್ಲದೆ ನೇಯ್ದು ಮಾರುವವನು ಮಾತ್ರ ವಿನ್ಯಾಸ ಕಾಯ್ದೆಗೆ ಸಿಕ್ಕುತ್ತಾನೆ. ಆ ಕಾಯ್ದೆಯ ಪ್ರಕಾರ ನೋಂದಾಯಿತ ವಿನ್ಯಾಸದ ಹಕ್ಕು ಮೊದಲು 10 ವರ್ಷ ಇದ್ದು, ಇನ್ನೂ 5 ವರ್ಷಕ್ಕೆ ವಿಸ್ತರಿಸಿಕೊಳ್ಳಬಹುದು.